ಆಡುಕಾಲಿನ ದೇವರ ಸಾವಿನ ಸುದ್ದಿ

ಬೆಳಿಗ್ಗೆ ಗಲ್ಫಿನ ಫರ್ವಾನಿಯಾದ ಟ್ರಾಫಿಕ್ಕಿನಲ್ಲಿ ವ್ಯಾನು ತೆವಳುತ್ತಿರುವಾಗ ಶಿಫಾನಾ ಅಪ್ಪನಿಗೆ ಒಂದು ಕಥೆ ಹೇಳಿದಳು. ಅವತ್ತು ಶಾಲೆಯಲ್ಲಿ ಅದರದೇ ಪರೀಕ್ಷೆ.

ಗ್ರೀಕರಿಗೆ ಪ್ಯಾನ್ ಎಂಬ ದೇವರಿದ್ದನಂತೆ. ಕಾಡಿನವನು, ಕುರಿ ಕಾಯುವವರ ದೇವರು. ಸೊಂಟದ ಮೇಲೆ ಮನುಷ್ಯ, ಕೆಳಗೆ ಆಡು. ತಲೆಯಲ್ಲಿ ಕೊಂಬು, ಹುಟ್ಟುವಾಗಲೇ ಗಡ್ಡ. ಹೆತ್ತವಳೇ ನೋಡಿ ಹೆದರಿ ಓಡಿಹೋದಳಂತೆ. ಜೊಂಡಿನ ಕೊಳವೆಗಳನ್ನು ಜೋಡಿಸಿ ಊದುತ್ತ, ಮಂದೆಗಳ ನಡುವೆಯೇ ಅವನು ಬದುಕಿದ. ನಡು ಮಧ್ಯಾಹ್ನ ಅವನು ಮಲಗುವ ಹೊತ್ತು, ಆಗ ಯಾರೂ ಸದ್ದು ಮಾಡಬಾರದು. ಎಬ್ಬಿಸಿದರೆ ಅವನು ಹಾಕುವ ಒಂದು ಕೂಗಿಗೆ ಮಂದೆಯೆಲ್ಲ ದಿಕ್ಕಾಪಾಲು. ಕೊನೆಗೊಂದು ದಿನ ಒಂದು ಹಡಗು ದ್ವೀಪದ ಬಳಿ ಹೋಗುತ್ತಿರುವಾಗ ಯಾರೋ ನಾವಿಕನ ಹೆಸರು ಹಿಡಿದು ಕರೆದು, ಮುಂದಿನ ದಡ ಕಂಡಾಗ ಪ್ಯಾನ್ ಸತ್ತನೆಂದು ಕೂಗಿ ಹೇಳು ಎಂದರಂತೆ. ನಾವಿಕನಿಗೆ ಪೇಚಾಟ. ಗಾಳಿ ಬೀಸುತ್ತಿದ್ದರೆ ಸುಮ್ಮನೆ ದಾಟಿಬಿಡುತ್ತೇನೆ, ಗಾಳಿ ನಿಂತಿದ್ದರೆ ಹೇಳುತ್ತೇನೆ ಎಂದುಕೊಂಡನಂತೆ.

"ದೇವರು ಸಾಯುವುದುಂಟಾ ಮಗಳೇ?" ಎಂದು ಉಮರ್ ನಕ್ಕ.

"ಇಟ್ಸ್ ಜಸ್ಟ್ ಎ ಸ್ಟೋರಿ, ಉಪ್ಪಾ," ಎಂದು ಅವಳು ಚೀಲ ಎತ್ತಿಕೊಂಡು ಇಳಿದುಹೋದಳು.

ಅವಳು ಗೇಟು ದಾಟುವ ಮೊದಲೇ ಉಮರನಿಗೆ ಫೋನು ಬಂತು. ವಿಟ್ಲದಿಂದ ಶಿಹಾಬ್. ಅವನ ಅಣ್ಣ ಸಿರಾಜ್ ವಫ್ರಾದ ಆಚೆ ಮರಳುಗಾಡಿನಲ್ಲಿ ಆಡು ಕಾಯುತ್ತಿದ್ದ. ಆ ಕೆಲಸಕ್ಕೆ ಸೇರಿಸಿದವನು ಉಮರನೇ. ಅವರ ತಾಯಿ ಕದೀಜಮ್ಮ ಬೆಳಗಿನ ನಮಾಝಿನ ಹೊತ್ತಿಗೆ ತೀರಿಕೊಂಡಿದ್ದರು.

"ಅವನಿಗೆ ಫೋನಲ್ಲಿ ಹೇಳ್ಬೇಡಿ ಉಮರಾಕ, ಅಲ್ಲಿ ಒಬ್ಬನೇ ಇರುವುದು. ನೀವೇ ಹೋಗಿ ಹೇಳಿ. ಇಲ್ಲಿ ಅಸರ್ ನಮಾಝಿಗೆ ಮೊದಲು ದಫನ. ಮುಖ ಮುಚ್ಚುವ ಮೊದಲು ವಿಡಿಯೋದಲ್ಲಿ ಅವನಿಗೆ ಒಮ್ಮೆ ತೋರಿಸ್ಬೇಕು. ನಿಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟ್ಲಿಕ್ಕೆ ಬಿಡ್ಬೇಡಿ," ಎಂದ ಶಿಹಾಬ್.

ಗಲ್ಫಿನಲ್ಲಿರುವ ಊರಿನವರಲ್ಲಿ ಒಂದು ಕ್ರಮವುಂಟು. ಸಾವಿನ ಸುದ್ದಿಯನ್ನು ಒಂದೇ ಸಲ ಹೇಳುವುದಿಲ್ಲ. ಮೊದಲು ಹೊಟ್ಟೆಗೆ ಏನಾದರೂ ಹಾಕಿಸುತ್ತಾರೆ, ಆಮೇಲೆ ಗಂಟಲಿನಲ್ಲಿ ನೀರೂ ಇಳಿಯಲಿಕ್ಕಿಲ್ಲವಲ್ಲ. ಅನಂತರ ಸ್ವಲ್ಪ ಹುಷಾರಿಲ್ಲವೆನ್ನುತ್ತಾರೆ. ಆಮೇಲೆ ಸೀರಿಯಸ್ ಎನ್ನುತ್ತಾರೆ. ಕೊನೆಯ ಮಾತನ್ನು ಕೇಳುವವನೇ ಅರ್ಥ ಮಾಡಿಕೊಳ್ಳಬೇಕು. ಉಮರನ ಅಪ್ಪ ತೀರಿದಾಗ ರೂಮಿನವರು ಅವನಿಗೂ ಹೀಗೆಯೇ ಉಣಿಸಿದ್ದರು. ಆ ಉಪಕಾರವನ್ನು ಅವನು ಮರೆತವನಲ್ಲ. ಹಾಗಾಗಿ ಮನೆಗೆ ವಾಪಸು ಹೋಗಿ, ಹೆಂಡತಿ ಶಬ್ನಾಳ ಕೈಯಿಂದ ಅಕ್ಕಿರೊಟ್ಟಿ, ಕೋಳಿ ಸಾರು ಕಟ್ಟಿಸಿಕೊಂಡೇ ಹೊರಟ.

ದಾರಿಯುದ್ದಕ್ಕೂ ಧೂಳುಗಾಳಿ. ಗಾಳಿ ಹೀಗೇ ಇದ್ದರೆ ಮೊದಲು ಫಾರ್ಮಿಗೆ ಹೋಗಿ ತನ್ನ ತರಕಾರಿ ಅಂಗಡಿಗೆ ಬೇಕಾದ ಟೊಮೆಟೊ ತುಂಬಿಸಿಕೊಳ್ಳುವುದು, ನಿಂತರೆ ನೇರ ಸಿರಾಜನ ಬಳಿಗೆ ಎಂದುಕೊಂಡ. ಮಗಳ ಕಥೆಯ ನಾವಿಕನ ಬುದ್ಧಿ ತನಗೂ ಬಂತಲ್ಲ ಎಂದು ನಾಚಿಕೆಯಾಯಿತು. ವಫ್ರಾದ ಹಸಿರುಮನೆಗಳು ಕಾಣುವಷ್ಟರಲ್ಲಿ ಗಾಳಿ ಸತ್ತೇಹೋಯಿತು. ಒಂದು ಎಲೆಯೂ ಅಲುಗಲಿಲ್ಲ. ಉಮರ್ ವ್ಯಾನನ್ನು ಮರಳಿನ ದಾರಿಗೆ ತಿರುಗಿಸಿದ.

ತಗಡಿನ ಚಪ್ಪರದ ನೆರಳಿನಲ್ಲಿ ಸಿರಾಜ್ ಮಲಗಿದ್ದ. ಕುರುಚಲು ಗಡ್ಡ, ಒಣಕಲು ಕಾಲು. ಸುತ್ತ ಆಡುಗಳು ಅವನಿಗೆ ಒರಗಿಕೊಂಡು ಕಣ್ಣು ಮುಚ್ಚಿದ್ದವು. ಒಂದು ಮರಿಯಂತೂ ಅವನ ತೋಳಿನ ಮೇಲೆಯೇ ತಲೆಯಿಟ್ಟಿತ್ತು. ಆ ನಿದ್ದೆಯನ್ನು ಕಂಡು ಉಮರನ ಕಾಲು ನಿಂತುಬಿಟ್ಟಿತು. ಇವನು ಎದ್ದು ಹಾಕುವ ಕೂಗು ಅವನಿಗೆ ಆಗಲೇ ಕೇಳಿದಂತಾಯಿತು. ತಾಯಿಯಿರುವವನಾಗಿ ಇನ್ನೊಂದು ಚೂರು ಮಲಗಲಿ ಎಂದು ಉಮರ್ ಬುತ್ತಿ ಹಿಡಿದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ.

ಒಂದು ಆಡು ಕೆಮ್ಮಿದ್ದಕ್ಕೆ ಸಿರಾಜನಿಗೆ ಎಚ್ಚರವಾಯಿತು. ಬುತ್ತಿ ಕಂಡು ಅವನ ಮುಖ ಅರಳಿತು. ಈ ಮರಳಿಗೆ ರೊಟ್ಟಿ ತರುವಷ್ಟು ದೊಡ್ಡ ಮನಸ್ಸು ಶಬ್ನತ್ತೆಗೆ ಯಾವಾಗಿನಿಂದ ಬಂತೆಂದು ಚೇಷ್ಟೆ ಮಾಡಿದ. ನಿಧಾನವಾಗಿ ಸಾರಿನಲ್ಲಿ ಅದ್ದಿ ಅದ್ದಿ ತಿಂದ. ತನ್ನ ಉಮ್ಮ ರೊಟ್ಟಿಗೆ ತೆಂಗಿನಕಾಯಿ ಹೆಚ್ಚು ಹಾಕುತ್ತಾರೆ, ಕೈಗೆ ಅಂಟುವುದಿಲ್ಲ ಎಂದು ಹೇಳಿದ. ಈ ಸಲ ಊರಿಗೆ ಹೋದಾಗ ಅವರ ಕಣ್ಣಿನ ಪೊರೆ ತೆಗೆಸಬೇಕು ಎಂದ. ಇನ್ನೊಂದು ತುತ್ತು ತಿನ್ನಲಿ, ಈ ಮಾತೊಂದು ಮುಗಿಸಲಿ ಎಂದು ಉಮರ್ ಕಾಯುತ್ತಲೇ ಇದ್ದ. ಚಪ್ಪರದ ನೆರಳು ಆಡುಗಳ ಬೆನ್ನಿನಿಂದ ಜಾರತೊಡಗಿತ್ತು.

"ಉಮ್ಮನಿಗೆ ಸ್ವಲ್ಪ ಹುಷಾರಿಲ್ಲಂತೆ, ಸಿರಾಜ್," ಎಂದ ಕೊನೆಗೆ.

"ಅವರದ್ದು ಯಾವಾಗಲೂ ಇರುವುದೇ ಅಲ್ವಾ, ದಮ್ಮು." ಸಿರಾಜ್ ಮತ್ತೊಂದು ರೊಟ್ಟಿಗೆ ಕೈ ಹಾಕಿದ.

ಉಮರ್ ಸಾರಿನ ಪಾತ್ರೆಯನ್ನು ಅವನ ಹತ್ತಿರಕ್ಕೆ ಸರಿಸಿದ. ಸಿರಾಜನ ಕೈ ಬುತ್ತಿಯಲ್ಲೇ ನಿಂತಿತು. ಅವನೂ ಗಲ್ಫಿನಲ್ಲಿ ಬದುಕಿದವನು. ಇನ್ನೊಬ್ಬರ ಮುಂದೆ ಹೀಗೆ ತಟ್ಟೆ ಇಟ್ಟವನು.

"ಉಮರಾಕ, ಈ ರೊಟ್ಟಿ ಯಾಕೆ ತಂದದ್ದು?"

ಉಮರ್ ನೆಲ ನೋಡಿದ. ಸಿರಾಜ್ ಕೂಗಲಿಲ್ಲ. ಎದ್ದು, ಆಡುಗಳಿಗೆ ಇಟ್ಟಿದ್ದ ನೀರಿನಲ್ಲಿಯೇ ಕೈ ತೊಳೆದುಕೊಂಡ.

"ಫೋನು ಕೊಡು, ಶಿಹಾಬ್ ಮುಖ ತೋರಿಸ್ತಾನಂತೆ," ಎಂದು ಉಮರ್ ಅವಸರಪಟ್ಟ. ಸಿಗ್ನಲ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ದಿಬ್ಬದ ಮೇಲೆ ಮಾತ್ರ. ಇಬ್ಬರೂ ಸುಡುವ ಮರಳಿನಲ್ಲಿ ಕಾಲು ಹೂತುಕೊಂಡು ಓಡಿದರು. ಹಿಂದಿನಿಂದ ಆಡುಗಳೂ ಎದ್ದು ಬಂದವು. ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಾಗ ಶಿಹಾಬ್ ಎತ್ತಿದ. ಪರದೆಯ ಮೇಲೆ ಕಂಡದ್ದು ಗಂಡಸರ ಬೆನ್ನುಗಳು, ಟೋಪಿಗಳು, ಒದ್ದೆ ಕೆಂಪು ಮಣ್ಣು. ಎಷ್ಟು ಹೊತ್ತು ಕಾದೆವು, ಹಿರಿಯರು ಇನ್ನು ತಡಮಾಡಬಾರದು ಎಂದರು, ಮುಚ್ಚಿ ಎತ್ತಿಬಿಟ್ಟೆವು ಎನ್ನುತ್ತ ಅವನು ಅತ್ತ.

ಸಿರಾಜ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮಣ್ಣು ಹಾಕಿ ಮುಗಿಯುವ ತನಕ ನೋಡಿದ. ಆಮೇಲೆ ಅದನ್ನು ಕಿಸೆಗೆ ಹಾಕಿಕೊಂಡ.

"ನಿಮಗೆ ಯಾವಾಗ ಗೊತ್ತಾದದ್ದು?"

"ಬೆಳಿಗ್ಗೆಯೇ," ಎಂದ ಉಮರ್. ಇನ್ನು ಬೈಯುತ್ತಾನೆಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

ಸಿರಾಜ್ ತನ್ನ ಕಾಲಿಗೆ ಮೈ ತಿಕ್ಕುತ್ತಿದ್ದ ಮರಿಯನ್ನು ಎತ್ತಿಕೊಂಡ. ಮೆಲ್ಲನೆ ಕೇಳಿದ:

"ಉಮ್ಮನ ಮುಖ ಹೇಗಿತ್ತಂತೆ, ಉಮರಾಕ?"

ಅದನ್ನು ಉಮರ್ ಶಿಹಾಬನಲ್ಲಿ ಕೇಳಿರಲಿಲ್ಲ.