ಮೀನು ಹಿಡಿದವರು ಹುಟ್ಟು ಹಾಕಬೇಕು

ಅಮೆರಿಕದ ಯೆಲ್ಲೊಸ್ಟೋನ್ ನದಿಯ ಮೇಲಿನ ಬಹಳ ದೋಣಿಗಳಂತೆ ನಮ್ಮದರಲ್ಲೂ ಒಂದು ಕಟ್ಟಳೆ. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಮುಂದೆ ನಿಂತು ಗಾಳ ಬೀಸಬೇಕು. ಮೀನು ಹಿಡಿದವರು ಗಾಳ ಬಿಟ್ಟು ಹುಟ್ಟಿಗೆ ಬರಬೇಕು.

ಹೋದ ಬೇಸಿಗೆಯಲ್ಲಿ ನನ್ನ ಗಂಡ ಆರ್ಲನ್ ಹುಟ್ಟು ಹಾಕುತ್ತಿದ್ದಾಗ ದೋಣಿ ಸೇತುವೆಯ ಕಂಬಕ್ಕೆ ಬಡಿದು ಮಗುಚಿತು. ಸ್ವಲ್ಪ ಹೊತ್ತು ನಾನು ಅದರ ಅಡಿಯಲ್ಲಿದ್ದೆ. ಆ ಬಗ್ಗೆ ನಾವು ಮಾತಾಡಲಿಲ್ಲ. ಈ ಜುಲೈಯಲ್ಲಿ ಮತ್ತೆ ನದಿಗಿಳಿದೆವು. ಆದರೆ ಬಹಳ ಹೊತ್ತು ಅವನು ಒಂದು ಮೀನನ್ನೂ ಹಿಡಿಯಲಿಲ್ಲ. ಹುಟ್ಟು ನನ್ನ ಕೈಯಲ್ಲೇ ಉಳಿಯಿತು.

ಸ್ಟೋನ್‌ಫ್ಲೈ ಹುಳಗಳು ನದಿಯ ತಳದಿಂದ ದಡಕ್ಕೆ ತೆವಳಿ, ವಿಲ್ಲೋ ಪೊದೆಗಳಲ್ಲಿ ಪೊರೆ ಕಳಚುವ ಕಾಲ ಅದು. ಟ್ರೌಟ್ ಮೀನುಗಳು ಅವಕ್ಕಾಗಿ ದಡದಂಚಿನಲ್ಲೇ ಕಾಯುತ್ತವೆ. ಆರ್ಲನ್ ಆ ಹುಳದ ಹಾಗೆಯೇ ಕಾಣುವಂತೆ ತಾನು ನೂಲು, ಗರಿ ಸುತ್ತಿ ಕಟ್ಟಿದ ಹಳದಿ ಗಾಳವನ್ನು ಪೊದೆಯ ನೆರಳಿಗೇ ಇಳಿಸುತ್ತಿದ್ದ. ಮೀನು ಕಚ್ಚುತ್ತಿತ್ತು. ಆಗ ಅವನ ಗಾಳದ ಕೋಲಿನ ತುದಿ ಒಂದಿಷ್ಟು ತಗ್ಗುತ್ತಿತ್ತು. ನಮ್ಮ ಕೊಕ್ಕೆಗೆ ಮೀನು ಜಾರದಂತೆ ತಡೆಯುವ ಹಿಮ್ಮುಳ್ಳಿಲ್ಲ. ಕೋಲು ತಗ್ಗಿ ದಾರ ಸಡಿಲವಾದರೆ ಮೀನು ಕಳಚಿಕೊಳ್ಳುತ್ತದೆ.

ಮೂರನೆಯದೂ ಹೋದ ಮೇಲೆ ಕೇಳಿಯೇಬಿಟ್ಟೆ.

“ಬೇಕಂತಲೇ ಬಿಡ್ತಿದ್ದೀಯಲ್ಲ?”

“ಮೀನುಗಳು ಚಾಲಾಕಾಗಿವೆ ಕಣೇ.”

“ಮೀನಲ್ಲಪ್ಪ, ನೀನು. ನನ್ನ ಭುಜ ಬಿದ್ದೋಗ್ತಿದೆ.”

“ದಡಕ್ಕೆ ಹಚ್ಚು. ಸ್ಯಾಂಡ್‌ವಿಚ್ ತಿನ್ನೋಣ.”

“ನೀನು ಆಗಲೇ ತಿಂದ್ಬಿಟ್ಟೆ, ನನ್ನ ಪಾಲಿಂದೂ ಸೇರಿಸಿ. ಇನ್ನೊಂದು ಸಲ ಮಗುಚಿದ್ರೆ ಮಗುಚಲಿ. ನಂಗೆ ಈಜು ಬರುತ್ತೆ. ಕಲ್ಲಿನ ಥರ ಮುಳುಗೋನು ನೀನು.”

ಅವನು ನಗಲಿಲ್ಲ.

“ಅವತ್ತು ನೀನು ಕಾಣ್ತಿರಲಿಲ್ಲ,” ಎಂದ. “ನಿನ್ನ ಟೋಪಿ ಮಾತ್ರ ತೇಲ್ತಾ ಹೋಯ್ತು.”

ಅಷ್ಟು ದಿನಗಳಲ್ಲಿ ಅದರ ಬಗ್ಗೆ ಅವನ ಬಾಯಿಂದ ಬಂದ ಮೊದಲ ಮಾತು. ನಾನು ಹುಟ್ಟು ಎಳೆಯುತ್ತಾ ಹೋದೆ. ಅವನು ಮತ್ತೆ ಗಾಳ ಬೀಸಿದ.

ನದಿ ಅಗಲವಾಗಿ ನೀರು ಬೆಚ್ಚಗಾಗುವ ಕಡೆ, ಒಂದು ಬಂಡೆಯ ಮಗ್ಗುಲಲ್ಲಿ ಮೀನು ಕಚ್ಚಿತು. ಕೋಲಿನ ತುದಿ ತಗ್ಗತೊಡಗಿ ಅಲ್ಲೇ ನಿಂತಿತು. ಆಮೇಲೆ ಮೇಲೆದ್ದಿತು. ದಾರ ಬಿಗಿಯಾಗಿಯೇ ಉಳಿಯಿತು. ಬಲೆಗೆ ಬಂದದ್ದು ಕಂದು ಬಣ್ಣದ ಬಾಸ್ ಮೀನು.

“ಟ್ರೌಟ್ ಅಲ್ಲ,” ಎಂದೆ. “ಬೇಕಾದ್ರೆ ಲೆಕ್ಕಕ್ಕಿಲ್ಲ ಅನ್ನು. ನಾನು ಜಗಳ ಆಡಲ್ಲ.”

ಅವನು ಕೊಕ್ಕೆ ಬಿಡಿಸಿ ಬಾಸನ್ನು ನೀರಿಗೆ ಬಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಮೀನು ತಾನೇ? ಏಳು, ಹುಟ್ಟು ಕೊಡು.”

ಜಾಗ ಬದಲಿಸುವಾಗ ದೋಣಿ ಓಲಾಡಿತು. ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡೆವು. ಮುಂದೆ ತಿರುವಿನಲ್ಲಿ ನೀರಿನ ಸದ್ದು ಜೋರಾಗುತ್ತಿತ್ತು. ನಾನು ಅವನಿಗೆ ಬೆನ್ನು ಹಾಕಿ ಮುಂದೆ ಕೂತೆ. ಹಿಂದೆ ಹುಟ್ಟುಗಳು ನೀರಿಗಿಳಿದ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ.