ಬರಿ ಮಡಿಯ ಬೆಳೆ

ತಕ್ಕಡಿಯ ಮುಳ್ಳು ನಿಂತಿತು. "ನಲವತ್ತೊಂದು ಪೌಂಡು!" ಎಂದು ಉಚ್ಚೆಂಗೆಪ್ಪ ಕಣದ ಆಚೆ ನಿಂತವರಿಗೂ ಕೇಳುವ ಹಾಗೆ ಕೂಗಿದ. ಹೊಲದ ಅಧಿಕಾರಿ ಗವಿಸಿದ್ದಪ್ಪನವರು ಪೆನ್ಸಿಲನ್ನು ಕಾಗದದ ಮೇಲೆ ಇಟ್ಟರು, ಬರೆಯಲಿಲ್ಲ.

"ಇನ್ನೊಮ್ಮೆ ತೂಗು."

ಇನ್ನೊಮ್ಮೆ ತೂಗಿದರೂ ಅಷ್ಟೇ ಬಂತು. ಉಚ್ಚೆಂಗೆಪ್ಪನ ಆರು ಮಡಿಗಳ ಜೋಳದಲ್ಲಿ ಒಂದೂ ನಲವತ್ತಕ್ಕೆ ಕಡಿಮೆ ಇರಲಿಲ್ಲ. ಅವನು ಸಾಹೇಬರ ಮುಖ ನೋಡಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗಾದೆಪ್ಪನ ಮುಖ. ಗಾದೆಪ್ಪನ ಆರು ಮಡಿಗಳು ಬೆಳಿಗ್ಗೆಯೇ ತೂಕವಾಗಿದ್ದವು, ನಲವತ್ತೆರಡರ ಆಸುಪಾಸಿಗೆ.

"ಏನಲೇ ಗಾದೆಪ್ಪ, ಒಂದು ಪೌಂಡಿಗೆ ಇಳೀತಲ್ಲೋ ನಿನ್ನ ಜೋರು?"

"ತೂಕದ ಕಲ್ಲು ಸವದಾವೇನೋ ನೋಡ್ರಿ ಸಾಹೇಬ್ರ," ಎಂದ ಗಾದೆಪ್ಪ. ನಗಲು ನೋಡಿದ, ನಗು ಬರಲಿಲ್ಲ. ಉಚ್ಚೆಂಗೆಪ್ಪನಿಗೆ ಹೊಟ್ಟೆ ತುಂಬಿತು.

ಆಗಿನ್ನೂ ಬಳ್ಳಾರಿ ಮದ್ರಾಸಿಗೆ ಸೇರಿದ್ದ ಕಾಲ. ಬಿಳಿಜೋಳಕ್ಕೆ ಶೇಂಗಾ ಹಿಂಡಿಯನ್ನು ಗೊಬ್ಬರವಾಗಿ ಹಾಕಿದರೆ ಎಷ್ಟು ಹೆಚ್ಚು ಬೆಳೆಯುತ್ತದೆ ಎಂದು ನೋಡಲು ಕುರುಗೋಡಿನ ಹೊರಗಿನ ಎರೆಹೊಲದಲ್ಲಿ ಹನ್ನೆರಡು ಸಣ್ಣ ಮಡಿ ಮಾಡಿದ್ದರು. ಆರಕ್ಕೆ ಹಿಂಡಿ, ಆರಕ್ಕೆ ಏನೂ ಇಲ್ಲ. ಹಿಂಡಿ ಮುಟ್ಟಿದ ಬುಟ್ಟಿ, ಗುದ್ದಲಿ ಬರಿ ಮಡಿಗೆ ಇಳಿಯಬಾರದೆಂದು ಆಳುಗಳನ್ನೂ ಬೇರೆ ಮಾಡಿದ್ದರು. ಚೀಟಿ ಎತ್ತಿದಾಗ ಹಿಂಡಿಯ ಮಡಿ ಗಾದೆಪ್ಪನ ಪಾಲಿಗೆ ಬಂತು, ಬರಿ ಮಡಿ ಉಚ್ಚೆಂಗೆಪ್ಪನ ಪಾಲಿಗೆ.

ಮೊದಲ ವರ್ಷ ಅವನು ಗಾದೆಪ್ಪನಿಗಿಂತ ಎರಡು ಸಲ ಹೆಚ್ಚು ಎಡೆ ಹೊಡೆದ, ಒಂದೂ ಕಳೆ ಕಾಣಗೊಡಲಿಲ್ಲ. ಆದರೂ ರೂಪನಗುಡಿ ಕಡೆಯ ಬಂಡಿಗಳು ನಿಲ್ಲುತ್ತಿದ್ದದ್ದು ಗಾದೆಪ್ಪನ ಮಡಿಯ ಮುಂದೆ. "ಯಾರ ಕೈಗುಣಾನಪ್ಪಾ ಇದು?" ಎಂದು ಬಂಡಿಯವರು ಕೇಳುವರು. ಗಾದೆಪ್ಪ ರುಮಾಲು ಸರಿಮಾಡಿಕೊಂಡು, "ನಂದ ರೀ. ಆ ಬೋಳು ಕಾಣ್ತೈತಲ್ಲ, ಅದು ನಮ್ಮ ಉಚ್ಚೆಂಗಣ್ಣಂದು," ಎನ್ನುವನು. ಊರಲ್ಲಿ ಆ ಹೆಸರೇ ನಿಂತಿತು. ಚಹಾದಂಗಡಿಯಲ್ಲಿ, "ಬೋಳು ಮಡಿ ಬಂತು, ಜಾಗಾ ಬಿಡ್ರೋ," ಎನ್ನತೊಡಗಿದರು.

ಎರಡನೆಯ ವರ್ಷ ಅವನು ಸಾಹೇಬರನ್ನು ಕೇಳಿದ್ದ. "ಈ ಸಲ ಹಿಂಡಿ ಮಡಿ ನನಗ ಕೊಡ್ರಿ."

"ಬರಿ ಮಡಿ ಇಲ್ಲದಿದ್ರ ಹಿಂಡಿ ಮಡಿಗೆ ಬೆಲೆ ಎಲ್ಲೈತಪ್ಪಾ? ಎರಡೂ ಅಷ್ಟ ದೊಡ್ಡವು."

ಅಳುವ ಕೂಸಿಗೆ ಬೆಲ್ಲ ಕೊಟ್ಟ ಹಾಗೆ ಸಾಹೇಬರು ಹೇಳುತ್ತಿದ್ದಾರೆ ಎಂದುಕೊಂಡ. ಮೊಳಕೆ ಗೇಣುದ್ದವಾದಾಗ ಮನೆಯಲ್ಲಿ ಎಮ್ಮೆಗೆಂದು ಇಟ್ಟ ಹಿಂಡಿಯನ್ನು ದಿನಾ ಉಡಿಯಲ್ಲಿ ಕಟ್ಟಿಕೊಂಡು ಬರತೊಡಗಿದ. ಗಾದೆಪ್ಪ ಬುತ್ತಿ ಬಿಚ್ಚಿ ಮರದ ಕೆಳಗೆ ಕೂತ ಹೊತ್ತಿನಲ್ಲಿ ಸಾಲಿಗೆ ಬಗ್ಗಿ, ಬುಡಬುಡಕ್ಕೆ ಹಿಡಿಹಿಡಿಯಾಗಿ ಹಾಕಿ ಮಣ್ಣು ಮುಚ್ಚಿದ.

"ಎಮ್ಮಿ ಎಲುಬು ಎಣಿಸಾಕ ಬರ್ತಾವ," ಎಂದಳು ಹೆಂಡತಿ ಊರಮ್ಮ. "ಹಿಂಡಿ ಚೀಲ ನೋಡಿದ್ರ ತಳ ಕಂಡೈತಿ. ಅದರ ಪಾಲು ನೀನ ತಿಂತಿಯೇನು?"

ಅವನು ಉಡಿ ಕಟ್ಟಿಕೊಂಡು ಹೊಲಕ್ಕೆ ನಡೆದ. ಹಿಂಗಾರಿ ಮಳೆ ಸರಿಯಾಗಿ ಬಂತು. ತೆನೆ ತೂಗಿತು. ಬಂಡಿಗಳು ಎರಡೂ ಕಡೆ ನಿಂತವು.

ತೂಕವಾದ ಮೂರನೆಯ ದಿನ ಸಿರುಗುಪ್ಪದಿಂದ ದೊಡ್ಡಬಸಪ್ಪನವರು ಬಸ್ಸಿಳಿದು ಬಂದರು. ಇದೇ ಪ್ರಯೋಗವನ್ನು ಅಲ್ಲಿ ಮಾಡುತ್ತಿದ್ದವರು ಅವರು. ಬಳ್ಳಾರಿಯಲ್ಲಿ ಇಲಾಖೆಯ ಸಭೆಗೆ ಫಲಿತಾಂಶ ಓದುವ ಮುಂಚೆ ಇಬ್ಬರೂ ಒಬ್ಬರ ಪುಸ್ತಕ ಒಬ್ಬರು ನೋಡುವುದು ಅವರ ಪದ್ಧತಿ. ಬೇವಿನ ಕೆಳಗೆ ಕೂತು ಅಂಕಿ ಓದಿದರು. ಸಿರುಗುಪ್ಪದ ಬರಿ ಮಡಿ ಇಪ್ಪತ್ತೆಂಟು, ಹಿಂಡಿ ಮಡಿ ನಲವತ್ತು. ಕುರುಗೋಡಿನದು ನಲವತ್ತೊಂದು, ನಲವತ್ತೆರಡು.

"ಹಿಂಡಿಗೆ ಗುಣಾನ ಇಲ್ಲ ಅಂತ ಓದ್ತೀರೇನು?" ಎಂದರು ದೊಡ್ಡಬಸಪ್ಪನವರು. "ಯಾರೂ ಒಪ್ಪಂಗಿಲ್ಲ. ಎರಡೂ ಮಡಿ ಒಂದ ಸಮ ಬಂದಾವ ಅಂದ್ರ ನಿಮ್ಮ ಹಿಂಡಿ ಹೊಲಕ್ಕ ಬಿದ್ದಿಲ್ಲರಿ. ಯಾರದೋ ಮನಿ ಎಮ್ಮಿ ತಿಂದೈತಿ."

ಗವಿಸಿದ್ದಪ್ಪನವರು ಗಾದೆಪ್ಪನನ್ನು ಕರೆದು, ಹಿಂಡಿ ಮನೆಗೆ ಒಯ್ದೆಯೇನೆಂದು ಕೇಳಿದರು. ಅವನು ಬೇವಿನ ಬುಡ ಮುಟ್ಟಿ ಆಣೆ ಮಾಡಿದ, ತೊದಲಿದ, ಕಡೆಗೆ ಅತ್ತ. "ನಾಳೆಯಿಂದ ಬರಬ್ಯಾಡ," ಎಂದರು ಸಾಹೇಬರು.

ಎರಡು ವರ್ಷ ಮನಸ್ಸಿನಲ್ಲೇ ಬೇಡಿದ್ದು ಕಣ್ಣೆದುರಿಗೇ ಆಗಿತ್ತು. ಉಚ್ಚೆಂಗೆಪ್ಪ ಸುಮ್ಮನೆ ನಿಂತರೆ ಸಾಕಾಗಿತ್ತು.

"ಈ ಬರಿ ಮಡಿ ಮಾತ್ರ ಭಾರಿ ಬಂದೈತಿ," ಎಂದರು ಗವಿಸಿದ್ದಪ್ಪನವರು, ತೆನೆ ಕೈಲಿ ಹಿಡಿದು.

"ಅದರಾಗೇನೈತಿ ಬಿಡ್ರಿ. ಮಳಿ ಚಲೋ ಆತು. ಮಳಿ ಬಂದ್ರ ಬೀಳು ಭೂಮಿನೂ ಬೆಳೀತೈತಿ. ಆಳಿನ ಕೈ ಏನೂ ಇಲ್ಲ," ಎಂದರು ದೊಡ್ಡಬಸಪ್ಪನವರು.

ಗಾದೆಪ್ಪ ಹೋಗುವುದನ್ನು ಅವನು ನೋಡಿಕೊಂಡು ಇರಬಲ್ಲವನಾಗಿದ್ದ. ಆದರೆ ತಾನು ಬಗ್ಗಿ ಬಗ್ಗಿ ಬೆಳೆಸಿದ್ದನ್ನು ಮಳೆಯ ಹೆಸರಿಗೆ ಬರೆಯುವುದು ತಡೆಯಲಾಗಲಿಲ್ಲ.

"ಮಳಿ ಅಲ್ಲ ರೀ! ನಾನು! ನಮ್ಮನಿ ಎಮ್ಮಿ ಹಿಂಡಿ ತಂದು ಸಾಲುಸಾಲಿಗೆ ಹಾಕೀನಿ. ಕೇಳ್ರಿ ನಮ್ಮ ಊರಮ್ಮನ್ನ!"

ಗವಿಸಿದ್ದಪ್ಪನವರು ಬೈಯುತ್ತಾರೆಂದು ಅವನು ಕಾದ. ಅವರು ಪುಸ್ತಕ ತೆರೆದು, "ಯಾವ ಮಡಿಗೆ ಎಷ್ಟು?" ಎಂದು ಕೇಳಿದರು. ಅವನು ಹೇಳಿದ್ದನ್ನೆಲ್ಲ ಬರೆದರು. ಆಮೇಲೆ ಆ ವರ್ಷದ ಅಂಕಿಗಳ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದರು.

"ಇದನ್ನೂ ಬಳ್ಳಾರ್‍ಯಾಗ ಓದ್ತೀನಿ. ನನ್ನ ಹೊಲ ಕೆಟ್ಟೈತಿ, ನಿಮ್ಮ ಅಂಕಿನ ಖರೆ ಅಂತ."

"ನಗ್ತಾರ ರೀ," ಎಂದರು ದೊಡ್ಡಬಸಪ್ಪನವರು. ಆದರೆ ಅವರ ಮುಖ ಅರಳಿತ್ತು.

"ನಗಲಿ."

ಉಚ್ಚೆಂಗೆಪ್ಪ ಕೆಮ್ಮಿದ. "ಅದರಾಗ ನನ್ನ ಹೆಸರು ಬರ್ತೈತೇನ್ರಿ?"

"ಇಲ್ಲಪ್ಪಾ."

"ಗಾದೆಪ್ಪಂದು?"

"ಯಾರದೂ ಇಲ್ಲ. ಮಡಿ ನಂಬರಷ್ಟ."

ಜೋಳವನ್ನು ಬೇರೆ ಬೇರೆ ಇಡುವ ಅಗತ್ಯ ಇನ್ನಿರಲಿಲ್ಲ. ಗಾದೆಪ್ಪನಿಗೆ ನಾಳೆಯೂ ಬಾ ಎಂದು, ಹನ್ನೆರಡು ಚೀಲಗಳನ್ನೂ ಕಣದಲ್ಲಿ ಒಟ್ಟಿಗೆ ಸುರಿಯಲು ಹೇಳಿ ಅಧಿಕಾರಿಗಳಿಬ್ಬರೂ ಬಸ್ಸಿಗೆ ನಡೆದರು. ಗಾದೆಪ್ಪ ಕಣ್ಣೊರೆಸಿಕೊಂಡು ತನ್ನ ಆರನ್ನೂ ಸುರಿದ. ಆಮೇಲೆ ಮೆಲ್ಲಗೆ ಎಂದ, "ಎಮ್ಮಿ ಉಪಾಸ ಕೆಡವಿದರೂ ಒಂದು ಪೌಂಡು ಕಮ್ಮಿನ ಬಂತಲ್ಲೋ, ಉಚ್ಚೆಂಗಣ್ಣ."

ಉಚ್ಚೆಂಗೆಪ್ಪ ತನ್ನ ಜೋಳವನ್ನು ಒಂದು ಬದಿಗೆ, ಎರಡು ಮೊಳ ದೂರಕ್ಕೆ ಸುರಿದ. ಮೂರನೆಯ ಚೀಲದ ಹೊತ್ತಿಗೆ ಅಂಚಿನ ಕಾಳು ಜಾರಿ ಗಾದೆಪ್ಪನ ರಾಶಿಯನ್ನು ಮುಟ್ಟಿತು. ಅಂಗೈ ಅಡ್ಡ ಇಟ್ಟ. ಕಾಳು ಬೆರಳ ಸಂದಿನಿಂದ ಹರಿಯುತ್ತಲೇ ಇತ್ತು.