ಸೂಜಕ್ಕನಿಗೆ ಒಗ್ಗದ ಊರು

ಕುರ್ಚಿ, ಸೋಫಾ, ಬಸ್ಸಿನ ಸೀಟುಗಳಿಗೆ ಕುಶನ್ ಹಾಕುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರಿಗೂ ಅವಳು ಸೂಜಕ್ಕ. ಕೈಯಲ್ಲಿ ಸೂಜಿ ಇಲ್ಲದಿದ್ದರೆ ಅದು ಅಂಗಿಯ ಕಾಲರಿನಲ್ಲಿ ಚುಚ್ಚಿಕೊಂಡಿರುತ್ತಿತ್ತು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. "ನಿನ್ನ ಹತ್ತಿರ ಬರೋಕೂ ಧೈರ್ಯ ಬೇಕು ಕಣೇ" ಎಂದು ಗಂಡ ತಮಾಷೆ ಮಾಡುತ್ತಿದ್ದ. ಅವನದು ಮನೆಯ ಕೆಳಗೇ ಸೈಕಲ್ ರಿಪೇರಿ ಅಂಗಡಿ. ಮೇಲೆ ಎರಡು ಕೋಣೆ, ಒಂದು ಅಡಿಗೆಮನೆ. ಅದರಲ್ಲಿ ಅವರಿಬ್ಬರು, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಗಳು, ಮತ್ತು ಇಡೀ ಬೀದಿಯ ಸುದ್ದಿಯನ್ನು ಕಿಟಕಿಯಿಂದಲೇ ಸಂಗ್ರಹಿಸುತ್ತಿದ್ದ ಅತ್ತೆ.

ಮಹಾನಗರದ ಹಳೆಯ ನಾಟಕಶಾಲೆಯೊಂದರ ಸೀಟುಗಳನ್ನೆಲ್ಲ ಹೊಸದು ಮಾಡುವ ಕೆಲಸ ಕಾರ್ಖಾನೆಗೆ ಸಿಕ್ಕಿತು. ಸೀಟುಗಳನ್ನು ನೆಲಕ್ಕೆ ಭದ್ರವಾಗಿ ಕೂರಿಸಿದ್ದರಿಂದ ಕಿತ್ತು ತರುವ ಹಾಗಿರಲಿಲ್ಲ, ಅಲ್ಲಿಗೇ ಹೋಗಬೇಕು. ಹೊಲಿಗೆಗೆ ಸೂಜಕ್ಕ, ಸೀಟುಗಳ ಮರದ ಕೈಗಳನ್ನು ಸರಿಮಾಡಲು ಕಾರ್ಖಾನೆಯ ಹಿರಿಯ ಬಡಗಿ ಉಳಿಯಣ್ಣ ಎಂದು ಚಿಕ್ಕ ಯಜಮಾನರು ತೀರ್ಮಾನಿಸಿದರು. ಹೆರಿಗೆಗೆಂದು ಆಸ್ಪತ್ರೆಯಲ್ಲಿ ಮಲಗಿದ್ದು ಬಿಟ್ಟರೆ ಸೂಜಕ್ಕ ಮನೆಯ ಹೊರಗೆ ಹೆಚ್ಚು ದಿನ ಇದ್ದವಳಲ್ಲ. ಆದರೂ ಬೇಡ ಎನ್ನಲಿಲ್ಲ. ಬೇಡ ಎನ್ನುವುದು ಅವಳಿಗೆ ಮೊದಲಿನಿಂದಲೂ ಬಾರದ ವಿದ್ಯೆ.

ಆ ಊರು ಅವಳಿಗೆ ಮೊದಲ ದಿನದಿಂದಲೇ ಒಗ್ಗಲಿಲ್ಲ. ಕೆಟ್ಟ ಊರೇನಲ್ಲ, ಯಾರೂ ಅವಳಿಗೆ ಮೋಸ ಮಾಡಲಿಲ್ಲ, ಯಾರೂ ಗದರಲಿಲ್ಲ. ಅವಳಿಗಿದ್ದ ಕೋಣೆ ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿತ್ತು. ಕೆಳಗೆ ಯಂತ್ರಗಳು ತಿರುಗಲು ಶುರುವಾದರೆ ಮಂಚದ ಕಾಲುಗಳು ನಡುಗುತ್ತಿದ್ದವು, ನೀರಿನ ಲೋಟ ತಾನಾಗಿ ಮೇಜಿನ ಅಂಚಿಗೆ ಹೊರಡುತ್ತಿತ್ತು. ನಲ್ಲಿಯ ನೀರಿಗೆ ಔಷಧಿಯ ವಾಸನೆ. ಸ್ನಾನ ಮಾಡಿದರೆ ಕೂದಲು ಹಗ್ಗವಾಗುತ್ತಿತ್ತು. ಗಾಳಿಯಲ್ಲಿ ಸದಾ ಒಂದು ಜಿಗುಟು. ಬೆರಳು ಬೆವರಿ ಸೂಜಿ ಜಾರುತ್ತಿತ್ತು. ಇಷ್ಟು ವರ್ಷ ಚುಚ್ಚಿಸಿಕೊಳ್ಳದವಳು ಒಂದೇ ವಾರದಲ್ಲಿ ಹೆಬ್ಬೆರಳಿಗೆ ಮೂರು ಕಡೆ ಪಟ್ಟಿ ಸುತ್ತಿಕೊಂಡಳು.

ಬೀದಿಗೆ ಇಳಿದರೆ ಇನ್ನೊಂದು ಪಾಡು. ಎಲ್ಲರೂ ಯಾರೋ ಅಟ್ಟಿಸಿಕೊಂಡು ಬರುತ್ತಿರುವವರಂತೆ ನಡೆಯುತ್ತಿದ್ದರು. ದಾರಿ ಕೇಳಿದರೆ ಬಾಯಿ ಬಿಡದೆ ಫೋನಿನ ಪರದೆ ತೋರಿಸುತ್ತಿದ್ದರು. ರೈಲುನಿಲ್ದಾಣದ ಚಲಿಸುವ ಮೆಟ್ಟಿಲ ಮುಂದೆ ಅವಳು ಯಾವ ಕಾಲು ಮೊದಲಿಡಬೇಕೆಂದು ಮೀನಮೇಷ ಎಣಿಸುತ್ತ ನಿಂತರೆ ಹಿಂದಿನವರು ನಿಟ್ಟುಸಿರು ಬಿಡುತ್ತಿದ್ದರು. ಕೊನೆಗೆ ಅವಳು ಆ ಕಡೆ ಹೋಗುವುದನ್ನೇ ಬಿಟ್ಟು, ಎರಡು ನಿಲ್ದಾಣ ದೂರವನ್ನು ನಡೆದೇ ಮುಗಿಸುತ್ತಿದ್ದಳು.

ನಾಟಕಶಾಲೆಯ ಒಳಗೆ ಮಾತ್ರ ಜೀವ ಸ್ವಲ್ಪ ಹಿಡಿತಕ್ಕೆ ಬರುತ್ತಿತ್ತು. ಹಳೆಯ ಬಟ್ಟೆ ಸುಲಿದರೆ ಒಳಗಿನ ಸ್ಪಂಜು ರಸ್ಕಿನಂತೆ ಪುಡಿಪುಡಿ. ಸೀಟಿನ ಸಂದಿಗಳಲ್ಲಿ ಹೇರ್‌ಪಿನ್ನು, ಒಂಟಿ ಓಲೆ, ಚಾಕೊಲೇಟಿನ ಕಾಗದ. ಒಂದು ದಿನ ಒಂದು ಪೂರ್ತಿ ಹಲ್ಲಿನ ಸೆಟ್ಟು. "ನಾಟಕ ಅಷ್ಟು ಚೆನ್ನಾಗಿತ್ತು ಅನ್ಸುತ್ತೆ, ಬಾಯಿ ಬಿಟ್ಕೊಂಡು ನೋಡಿದಾರೆ" ಎಂದ ಉಳಿಯಣ್ಣ.

ಉಳಿಯಣ್ಣನಿಗೆ ಮಾತ್ರ ಆ ಊರು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಜನವಿಲ್ಲದ ಮನುಷ್ಯ. ಇಲ್ಲಿ ಮೂಲೆಯ ಟೀ ಅಂಗಡಿಯಲ್ಲಿ ನಾಲ್ಕೇ ದಿನದಲ್ಲಿ ಅವನಿಗೆ ಖಾಯಂ ಕುರ್ಚಿ ಆಗಿಹೋಗಿತ್ತು. ಸಂಜೆ ಕೈ ತೊಳೆದು ತಲೆ ಬಾಚಿಕೊಂಡು, "ಬಾ ತಂಗೀ, ಊರು ಸುತ್ತೋಣ" ಎನ್ನುತ್ತಿದ್ದ. ಅವಳು ಕಾಲುನೋವಿನ ನೆಪ ಹೇಳಿ ಕೋಣೆ ಸೇರುತ್ತಿದ್ದಳು.

ಕೆಲಸ ಮುಕ್ಕಾಲು ಮುಗಿದಿದ್ದಾಗ ಚಿಕ್ಕ ಯಜಮಾನರ ಫೋನು ಬಂತು. ಹಳೆಯ ಯಜಮಾನರ ಮಗ, ಅವಳಿಗಿಂತ ಕಿರಿಯ. ಸಂತೋಷ ಬಂದರೆ ಮಾತು ರೈಲಿನಂತೆ ಓಡುತ್ತಿತ್ತು.

"ಸೂಜಕ್ಕಾ, ನಾಟಕಶಾಲೆ ಮ್ಯಾನೇಜರ್ ಮೇಡಂ ಫೋನ್ ಮಾಡಿದ್ರು. ನಿಮ್ಮ ಕೆಲಸ ನೋಡಿ ಇನ್ನೂ ಎರಡು ಥಿಯೇಟರಿನವರು ಕೇಳ್ತಿದಾರಂತೆ. ನಾನು ಅಲ್ಲೇ ಒಂದು ಶಾಖೆ ತೆಗೀತೀನಿ. ನೀವೇ ಅದರ ಮುಖ್ಯಸ್ಥೆ! ಮನೆಯವರನ್ನೂ ಕರೆಸ್ಕೊಳ್ಳಿ, ಮನೆ ಕಂಪನಿ ಕೊಡುತ್ತೆ. ಏನಂತೀರಿ?"

ಬೇಡ ಎನ್ನಲು ಹೊರಟಳು ಸೂಜಕ್ಕ. ಬಾಯಿಂದ ಮಾತ್ರ, "ನಿಮ್ಮ ದೊಡ್ಡ ಮನಸ್ಸು ಸಾರ್, ಮನೇಲಿ ಒಂದು ಮಾತು ಕೇಳ್ತೀನಿ" ಎಂದು ಬಂತು.

ಮನೆಯವರು ಬೇಡ ಎಂದರೆ ಸಾಕು ಎಂಬ ಆಸೆಯಿಂದಲೇ ಅವಳು ಫೋನು ಮಾಡಿದ್ದು. ಆ ಆಸೆಯೂ ಮುಳುಗಿತು.

"ಅಯ್ಯೋ, ಇಂಥ ಅವಕಾಶ ಯಾರಿಗೆ ಸಿಗುತ್ತೆ?" ಎಂದ ಗಂಡ, ಸ್ವಲ್ಪ ಜೋರಾಗಿಯೇ. "ಸೈಕಲ್ ಎಲ್ಲಿದ್ರೂ ಪಂಚರ್ ಆಗುತ್ತೆ. ನನ್ನ ಯೋಚನೆ ಬಿಡು."

"ನಾನಂತೂ ರೆಡಿ ಅಮ್ಮಾ" ಎಂದಳು ಮಗಳು.

ಅತ್ತೆ ಫೋನು ಕಸಿದುಕೊಂಡು, "ಈ ಬೀದಿ ನೋಡಿ ನೋಡಿ ನಂಗೂ ಸಾಕಾಗಿದೆ ಕಣಮ್ಮ. ಹೂಂ ಅಂದ್ಬಿಡು" ಎಂದರು.

ಸೂಜಕ್ಕ ಫೋನಿಟ್ಟು ನಡುಗುವ ಮಂಚದ ಮೇಲೆ ಕೂತಳು. ಇಷ್ಟು ಜನರ ಸಂತೋಷಕ್ಕೆ ನಾನೊಬ್ಬಳು ಅಡ್ಡ ಬರುವುದೇ? ಊರೆಂದ ಮೇಲೆ ಇವತ್ತಲ್ಲ ನಾಳೆ ಒಗ್ಗೀತು. ಹೀಗೆ ತನಗೆ ತಾನೇ ಹೇಳಿಕೊಂಡಳು, ನಂಬಿಕೆ ಮಾತ್ರ ಬರಲಿಲ್ಲ.

ಭಾನುವಾರ, ಕಂಪನಿ ಕೊಡಲಿದ್ದ ಮನೆ ನೋಡಲು ಮೂವರೂ ಬಂದಿಳಿದರು. ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅತ್ತೆ ನಿಲ್ದಾಣದ ಜನಸಾಗರ ಕಂಡು ಮೊಮ್ಮಗಳ ಮುಂಗೈಯನ್ನು ಹಿಡಿದ ಹಿಡಿತ ಬಿಡಲೇ ಇಲ್ಲ. ಕೈ ಬಿಡಿಸಿಕೊಂಡಾಗ ಹುಡುಗಿಯ ಚರ್ಮದ ಮೇಲೆ ಬೆರಳಿನ ಗುರುತು ಮೂಡಿತ್ತು. "ಎಷ್ಟು ಚೆನ್ನಾಗಿದೆ, ಅಲ್ವಾ?" ಎಂದರು ಅತ್ತೆ, ಯಾರನ್ನೂ ನೋಡದೆ.

ಮನೆ ತೋರಿಸುವ ದಲ್ಲಾಳಿ ಗಡಿಬಿಡಿಯ ಯುವಕ, ಕುತ್ತಿಗೆಗೆ ಟೈ, ಕೈಯಲ್ಲಿ ಬೀಗದ ಕೈ ಗೊಂಚಲು. ಮನೆ ಹದಿನಾಲ್ಕನೆಯ ಮಹಡಿಯಲ್ಲಿತ್ತು. ಬೆಳ್ಳಗಿನ ಗೋಡೆ, ಬೆಳ್ಳಗಿನ ನೆಲ, ಹೊಸ ಬಣ್ಣದ ವಾಸನೆ. ಕಿಟಕಿಯಾಚೆ ಇದೇ ತರಹದ ಇನ್ನೊಂದು ಕಟ್ಟಡ, ಅದರಲ್ಲಿ ಇದೇ ತರಹದ ಕಿಟಕಿಗಳು.

"ಗಾಳಿ ಬೆಳಕು ಸೊಗಸಾಗಿದೆ" ಎಂದ ಗಂಡ. ಹಾಗೆಂದವನು ಸಾಲಾಗಿ ಸೀನಿದ. ಅಂಗಡಿ ಎಲ್ಲಿಡುವುದೆಂದು ಕೇಳಲು ಹೋಗಿ ಬಾಯಿ ಮುಚ್ಚಿಕೊಂಡಿದ್ದು ಸೂಜಕ್ಕನ ಕಣ್ಣಿಗೆ ಬಿತ್ತು. ಮಗಳು ತನಗಾಗುವ ಕೋಣೆಯ ಬಾಗಿಲಲ್ಲಿ ನಿಂತು, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಎರಡು ಸಲ ಹೇಳಿ ಒಳಗೆ ಕಾಲಿಡಲಿಲ್ಲ. ಅತ್ತೆ ಗೋಡೆಯನ್ನು ಸವರಿಕೊಂಡೇ ಕಿಟಕಿಯವರೆಗೆ ಹೋದರು, ಕೆಳಗೆ ಇಣುಕಿದರು, ಕಣ್ಣು ಮುಚ್ಚಿಕೊಂಡರು. ಅಲ್ಲಿಂದ ಯಾರ ಮುಖವೂ ಕಾಣುವುದಿಲ್ಲ, ನೆತ್ತಿಗಳು ಮಾತ್ರ.

"ಏನಂತೀರಿ ಮೇಡಂ?" ದಲ್ಲಾಳಿ ಗಡಿಯಾರ ನೋಡಿದ. "ಇನ್ನೊಂದು ಪಾರ್ಟಿ ಕೆಳಗೆ ಕಾಯ್ತಿದೆ. ಫೈನಲ್ ಮಾಡೋಣ್ವಾ?"

ಗಂಡ ಹೆಂಡತಿಯನ್ನು ನೋಡಿದ. ಹೆಂಡತಿ ಮಗಳನ್ನು ನೋಡಿದಳು. ಮಗಳು ನೆಲ ನೋಡಿದಳು. ಸೂಜಕ್ಕ ಇನ್ನೇನು "ಹೂಂ" ಎನ್ನಬೇಕು, ಅಷ್ಟರಲ್ಲಿ ಅತ್ತೆ ಗಂಭೀರವಾಗಿ ಕೇಳಿದರು:

"ಅಲ್ಲಪ್ಪಾ, ನಾನು ಇಲ್ಲಿ ಸತ್ತರೆ ಕೆಳಗೆ ಹೆಂಗೆ ಇಳಿಸ್ತೀರಿ?"

ದಲ್ಲಾಳಿ ಒಂದು ಕ್ಷಣವೂ ತಡವರಿಸಲಿಲ್ಲ. "ಅದಕ್ಕೇನೂ ಯೋಚನೆ ಇಲ್ಲ ಅಮ್ಮಾ. ಸಾಮಾನು ಸಾಗಿಸೋ ಲಿಫ್ಟ್ ಬೇರೆ ಇದೆ. ಸೋಫಾನೇ ಆರಾಮಾಗಿ ಹೋಗುತ್ತೆ."

ಮೊದಲು ಮಗಳ ಮೂಗಿನಿಂದ ಒಂದು ಸದ್ದು ಹೊರಟಿತು. ಸೂಜಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು, ತಡೆಯಲಾಗಲಿಲ್ಲ. ಗಂಡ ಗೋಡೆಗೆ ಹಣೆ ಒರಗಿಸಿ ಭುಜ ಕುಣಿಸತೊಡಗಿದ. ಅತ್ತೆಯೇ ಕೊನೆಗೆ ನೆಲದ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಲ್ಲಾಳಿ ಪಾಪ, ತಾನೇನು ತಪ್ಪು ಹೇಳಿದೆನೆಂದು ತಿಳಿಯದೆ, "ಕೆಳಗಿರ್ತೀನಿ, ನಿಧಾನಕ್ಕೆ ಮಾತಾಡ್ಕೊಳ್ಳಿ" ಎಂದು ಹೊರಗೆ ಹೋದ.

ನಗು ಇಳಿಯುತ್ತ ಬಂದಂತೆ ಅತ್ತೆಯ ದನಿ ಬದಲಾಯಿತು. "ನಂಗೆ ಈ ಊರು ಬೇಡ ಕಣೇ" ಎಂದರು. "ನಿನ್ನ ಏಳ್ಗೆಗೆ ಅಡ್ಡ ಬಂದಳು ಮುದುಕಿ ಅಂತ ಆಗಬಾರದು ಅಂತ ಬಾಯಿ ಮುಚ್ಕೊಂಡಿದ್ದೆ. ಈ ಕಿಟಕೀಲಿ ನಾನು ಯಾರ ಹತ್ರ ಮಾತಾಡ್ಲಿ?"

"ನಂಗೂ ಅಷ್ಟೇ" ಎಂದ ಗಂಡ ಮೂಗು ಒರೆಸಿಕೊಳ್ಳುತ್ತ. "ಬೆಳಗ್ಗೆಯಿಂದ ನೋಡ್ತಿದೀನಿ, ಒಂದು ಸೈಕಲ್ಲೂ ಕಣ್ಣಿಗೆ ಬಿದ್ದಿಲ್ಲ. ಆದ್ರೆ ಜೀವನದಲ್ಲಿ ಮೊದಲ ಸಲ ನಿಂಗೊಂದು ದೊಡ್ಡ ಪದವಿ ಬಂದಾಗ ನಾನು ಮುಖ ಸಪ್ಪೆ ಮಾಡೋದಾ?"

ಮಗಳು ತಾನು ಬಿಟ್ಟುಬರಬೇಕಾಗಿದ್ದ ಶಾಲೆಯ ವಾಲಿಬಾಲ್ ತಂಡದ ಬಗ್ಗೆ ಏನೋ ಹೇಳಲು ಹೋಗಿ ಅಳುವುದಕ್ಕೇ ಶುರುವಿಟ್ಟಳು. ಸೂಜಕ್ಕ ಅವಳನ್ನು ಹತ್ತಿರ ಎಳೆದುಕೊಂಡಳು. ಅಂಗಿಯ ಕಾಲರಿನ ಸೂಜಿ ಚುಚ್ಚಿ ಹುಡುಗಿ "ಅಯ್ಯೋ" ಎಂದಾಗ ಮತ್ತೊಂದು ಸುತ್ತು ನಗು.

"ನೀವೆಲ್ಲ ಕುಣಿದಾಡ್ತಿದೀರ ಅಂದ್ಕೊಂಡಿದ್ದೆ" ಎಂದಳು ಸೂಜಕ್ಕ. "ನನಗಂತೂ ಈ ಊರಲ್ಲಿ ಒಂದು ದಿನ ಸರಿಯಾಗಿ ಊಟ ಸೇರಿಲ್ಲ. ನೋಡಿ ಈ ಬೆರಳು."

ಗಂಡ ಅವಳ ಪಟ್ಟಿ ಸುತ್ತಿದ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ. "ಫೋನಲ್ಲಿ ಹೇಳ್ಲೇ ಇಲ್ವಲ್ಲ" ಎಂದ.

"ನೀವು ಹೇಳಿದ್ರಾ?"

ಅವನು ಸಡಿಲಾಗಿದ್ದ ಪಟ್ಟಿಯನ್ನು ಮತ್ತೆ ಬಿಗಿಯಾಗಿ ಸುತ್ತಿದ.

ಇನ್ನು ಉಳಿದದ್ದು ಚಿಕ್ಕ ಯಜಮಾನರು. ಮನೆಯವರ ಹೆಸರು ಮುಂದೆ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಅತ್ತೆಯೂ, "ನನ್ನ ಮಂಡಿನೋವು ಅಂತ ಹೇಳು" ಎಂದರು. ಸೂಜಕ್ಕ ಬೇಡವೆಂದು ತಲೆಯಾಡಿಸಿ ಕಟ್ಟಡದ ಕೆಳಗಿನ ಕಟ್ಟೆಯ ಮೇಲೆ ಕೂತು ಫೋನು ಹಚ್ಚಿದಳು.

"ಸಾರ್, ನನಗೆ ಈ ಊರು ಆಗಲ್ಲ. ಮನೆಯವರಿಗಲ್ಲ, ನನಗೇ ಆಗಲ್ಲ. ಈ ಕೆಲಸ ಪೂರ್ತಿ ಮುಗಿಸಿಕೊಡ್ತೀನಿ, ಒಂದು ಹೊಲಿಗೆಯೂ ಬಾಕಿ ಇರಲ್ಲ. ಆದ್ರೆ ಇಲ್ಲಿ ಇರೋದಿಲ್ಲ."

ಆ ಕಡೆಯಿಂದ ಮುನಿಸಿಕೊಂಡ ದನಿ: "ನಾನು ಜಾಗವನ್ನೂ ನೋಡಿಟ್ಟಿದ್ದೆ ಸೂಜಕ್ಕಾ. ಈಗ ಹೇಳ್ತಿದೀರಲ್ಲ. ಈ ಪದವಿ ಇನ್ನೊಂದು ಸಲ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

"ಬರದಿದ್ರೆ ಬೇಡ ಸಾರ್" ಎಂದಳು ಅವಳು. ತನ್ನ ಬಾಯಿಂದ ಆ ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯ. "ಉಳಿಯಣ್ಣನ್ನ ಒಂದು ಮಾತು ಕೇಳಿ. ಅವನಿಗೆ ಇಲ್ಲಿ ಜೀವ ಬಂದಿದೆ. ಹೊಲಿಗೆಗೆ ಇಲ್ಲಿಯವರೇ ಯಾರಾದ್ರೂ ಸಿಕ್ಕರೆ, ನಮ್ಮ ಕಾರ್ಖಾನೆಗೆ ಕಳಿಸಿ, ನಾನು ಕಲಿಸಿಕೊಡ್ತೀನಿ."

"ನೋಡೋಣ" ಎಂದು ಅವರು ಫೋನಿಟ್ಟರು. ಕೋಪ ಇಳಿಯಲು ಅವರಿಗೆ ಮೂರು ದಿನ ಬೇಕಾಯಿತು. ಆಮೇಲೆ ಉಳಿಯಣ್ಣನನ್ನು ಕೇಳಿದರು. ಅವನು ಪ್ರಶ್ನೆ ಮುಗಿಯುವ ಮೊದಲೇ ಒಪ್ಪಿಕೊಂಡನಂತೆ.

ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ಫೋನಿಟ್ಟ ಕೂಡಲೇ ಸೂಜಕ್ಕನಿಗೆ ತಲೆಯ ಮೇಲಿನ ಹೊರೆ ಇಳಿದಂತಾಯಿತು. ದಲ್ಲಾಳಿಗೆ ಕ್ಷಮೆ ಕೇಳಿ, ಮನೆ ಬೇಡವೆಂದು ತಿಳಿಸಿದಳು. ಅವನು ಬೇಜಾರು ಮಾಡಿಕೊಳ್ಳದೆ ಅತ್ತೆಗೆ, "ನೂರು ವರ್ಷ ಬಾಳಿ ಅಮ್ಮಾ" ಎಂದು ಕೈ ಮುಗಿದು, ಮುಂದಿನ ಪಾರ್ಟಿಯನ್ನು ಮೇಲೆ ಕರೆದುಕೊಂಡು ಹೋದ.

ಮೂವರೂ ವಾಪಸು ಹೋಗುವ ರೈಲಿಗೆ ಇನ್ನೂ ಬೇಕಾದಷ್ಟು ಸಮಯವಿತ್ತು. "ಈಗ ಏನ್ ಮಾಡೋದು?" ಎಂದಳು ಮಗಳು.

"ಊರು ನೋಡೋದು" ಎಂದಳು ಸೂಜಕ್ಕ. "ಬಂದಾಗಿನಿಂದ ನಾನೂ ನೋಡಿಲ್ಲ."

ನಾಲ್ವರೂ ಊರಿನ ನಡುವೆ ಹರಿಯುವ ಹೊಳೆಯ ದಂಡೆಗೆ ನಡೆದರು. ಆಚೆ ದಡಕ್ಕೂ ಈಚೆ ದಡಕ್ಕೂ ಓಡಾಡುವ ದೊಡ್ಡ ದೋಣಿಯೊಂದಿತ್ತು. ಹೊಗೆ ಬಿಡುತ್ತ, ಜನ, ಬುಟ್ಟಿ, ಮಕ್ಕಳ ಗಾಡಿ ಎಲ್ಲವನ್ನೂ ತುಂಬಿಕೊಳ್ಳುತ್ತಿತ್ತು. ಅತ್ತೆ ಮೊದಲು ಹತ್ತಲು ಒಪ್ಪಲಿಲ್ಲ, ಹತ್ತಿದ ಮೇಲೆ ಇಳಿಯಲು ಒಪ್ಪಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಮುದುಕಿಯ ಜೊತೆ ಮಾತಿಗಿಳಿದು, ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಆಕೆಯ ಸೊಸೆಯ ತವರುಮನೆಯ ಕಥೆಯವರೆಗೆ ತಲುಪಿದ್ದರು.

ಸೂಜಕ್ಕ ಕಂಬಿಗೆ ಒರಗಿ ನಿಂತಳು. ದಡದ ಕಟ್ಟಡಗಳ ಗಾಜುಗಳ ಮೇಲೆ ಸಂಜೆಯ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಇಷ್ಟು ದಿನ ಇಲ್ಲಿದ್ದೂ ಇದನ್ನು ಕಂಡಿರಲಿಲ್ಲವಲ್ಲ ಎನಿಸಿತು ಅವಳಿಗೆ. ಇಲ್ಲೇ ಇರಬೇಕೆಂಬ ಹೆದರಿಕೆ ಹೋದ ಮೇಲೆ, ಊರಿನ ಮೇಲೆ ಇದ್ದ ಸಿಟ್ಟೂ ಹೋಗಿತ್ತು. ಇನ್ನು ಕೆಲವು ಸಾಲು ಸೀಟು ಹೊಲಿದರೆ ಮುಗಿಯಿತು. ಅಷ್ಟು ದಿನವನ್ನು ಯಾರ ಮನೆಗೋ ಬಂದ ನೆಂಟರಂತೆ ಕಳೆಯಬಹುದು.

"ಹಸಿವಾಗ್ತಿದೆ" ಎಂದಳು ಅವಳು ಇದ್ದಕ್ಕಿದ್ದಂತೆ.

"ಏನ್ ತಿಂತೀಯ?" ಗಂಡ ಕೇಳಿದ.

"ಏನಾದ್ರೂ. ಜಾಸ್ತಿ ಇರಲಿ."

ಅವನು ನಗುತ್ತ, ದೋಣಿಯ ಇನ್ನೊಂದು ತುದಿಯಲ್ಲಿ ತಿಂಡಿ ಮಾರುವವನ ಕಡೆಗೆ ಜನರ ನಡುವೆ ದಾರಿ ಮಾಡಿಕೊಂಡು ಹೊರಟ. ಮಗಳು, "ಅಪ್ಪಾ, ನಂಗೂ" ಎಂದು ಅವನ ಹಿಂದೆಯೇ ಓಡಿದಳು.